ಶಹೀದ್ ದ್ವೀಪದಲ್ಲಿ ರಾತ್ರಿ ತಂಗುವವರಿಗೆ

ಅಂಡಮಾನಿಗೆ ಹೋಗುವ ಕುಟುಂಬಗಳ ಪ್ರವಾಸದ ಪಟ್ಟಿಯಲ್ಲಿ ನೀಲ್ ದ್ವೀಪಕ್ಕೆ ಸಾಮಾನ್ಯವಾಗಿ ಸಿಗುವುದು ಅರ್ಧ ದಿನ. ಬೆಳಿಗ್ಗೆ ಹ್ಯಾವ್‌ಲಾಕ್‌ನಿಂದ ಬೋಟು, ಟ್ಯಾಕ್ಸಿಯಲ್ಲಿ ಮೂರು ಕಡಲತೀರಗಳ ಸುತ್ತು, ಗಾಜಿನ ತಳದ ದೋಣಿಯಲ್ಲೊಂದು ಸವಾರಿ, ಎಳನೀರು, ಊಟ, ಮಧ್ಯಾಹ್ನದ ಬೋಟಿಗೆ ಪೋರ್ಟ್ ಬ್ಲೇರ್ ಕಡೆಗೆ. ಪ್ಯಾಕೇಜು ಹೊಂದಿಸುವವರಿಗೆ ಇದರಿಂದ ಅನುಕೂಲ, ಯಾಕೆಂದರೆ ಒಂದು ರಾತ್ರಿಯ ಕೋಣೆಯ ಲೆಕ್ಕ ಉಳಿಯುತ್ತದೆ. ಹೋದವರಿಗೆ ಮಾತ್ರ ನಷ್ಟ. ಈ ದ್ವೀಪದಲ್ಲಿ ಒಳ್ಳೆಯದು ಏನಿದೆಯೋ ಅದೆಲ್ಲ ಬೆಳಗಿನ ಮೊದಲ ಬೋಟು ಬರುವುದಕ್ಕೆ ಮುಂಚೆ ಮತ್ತು ಸಂಜೆಯ ಕೊನೆಯ ಬೋಟು ಹೊರಟ ಮೇಲೆ ಸಿಗುವಂಥದ್ದು. ಮಕ್ಕಳು, ಅಜ್ಜ ಅಜ್ಜಿ ಜೊತೆಗಿರುವ ಮನೆಯವರು ಹೆಚ್ಚು ಖರ್ಚಿಲ್ಲದೆ, ಗದ್ದಲವಿಲ್ಲದೆ ಸಮುದ್ರದ ಪಕ್ಕ ಮೂರು ರಾತ್ರಿ ಕಳೆಯಬೇಕೆಂದರೆ ನಮ್ಮ ದೇಶದಲ್ಲಿ ಇದಕ್ಕಿಂತ ಹೊಂದುವ ಜಾಗವನ್ನು ನಾನು ಕಂಡಿಲ್ಲ. ಹಾಗೆ ಹೇಳುವುದಕ್ಕೆ ಕಾರಣಗಳಿವೆ. ಕೆಲವು ನೆಲಕ್ಕೆ ಸೇರಿದವು, ಹೆಚ್ಚಿನವು ನೀರಿಗೆ ಸೇರಿದವು.

ಹಳೆಯ ನೀಲ್ ದ್ವೀಪಕ್ಕೆ 2018ರ ಡಿಸೆಂಬರ್ 30ರಿಂದ ಶಹೀದ್ ದ್ವೀಪ ಎಂಬ ಹೆಸರು. 1943ರ ಅದೇ ದಿನ ನೇತಾಜಿ ಸುಭಾಷ್ ಚಂದ್ರ ಬೋಸ್ ಪೋರ್ಟ್ ಬ್ಲೇರ್‌ನಲ್ಲಿ ತ್ರಿವರ್ಣ ಧ್ವಜ ಹಾರಿಸಿದ್ದರು. ಅದರ 75ನೇ ವರ್ಷದ ನೆನಪಿಗೆ ನೀಲ್ ಶಹೀದ್ ಆಯಿತು, ಹ್ಯಾವ್‌ಲಾಕ್ ಸ್ವರಾಜ್ ಆಯಿತು. ಅಲ್ಲಿಯ ತನಕ ಈ ಎರಡೂ ದ್ವೀಪಗಳು 1857ರ ದಂಗೆಯನ್ನು ಹತ್ತಿಕ್ಕಿದ ಬ್ರಿಟಿಷ್ ಸೇನಾಧಿಕಾರಿಗಳ ಹೆಸರು ಹೊತ್ತಿದ್ದವು. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರವಾಗಿದೆ. ಬೋಟಿನ ಟಿಕೆಟ್ಟಿನಲ್ಲಿ, ಆಟೋದವರ ಬಾಯಲ್ಲಿ ಹಳೆಯ ಹೆಸರು ಹೊಸ ಹೆಸರು ಎರಡೂ ಬರುತ್ತವೆ. ಎರಡನ್ನೂ ತಿಳಿದಿರುವುದು ಒಳ್ಳೆಯದು.

ಶ್ರೀ ವಿಜಯಪುರದಿಂದ ಈಶಾನ್ಯಕ್ಕೆ ಸುಮಾರು 40 ಕಿಲೋಮೀಟರ್ ದೂರದ ಈ ದ್ವೀಪದಲ್ಲಿ ವಾಸವಿರುವವರು 2011ರ ಜನಗಣತಿಯ ಪ್ರಕಾರ ಸುಮಾರು ಮೂರು ಸಾವಿರ ಮಂದಿ. ಹೆಚ್ಚಿನವರು ಬಂಗಾಳಿಗಳು. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರಕಾರ ಅಂಡಮಾನಿನಲ್ಲಿ ಭೂಮಿ ಕೊಟ್ಟು ನೆಲೆ ಮಾಡಿಸಿತು. ನೀಲ್‌ಗೆ ಆ ಕುಟುಂಬಗಳು ಬಂದದ್ದು 1960ರ ದಶಕದಲ್ಲಿ. ಅವರು ಕಾಡು ಕಡಿದು ಗದ್ದೆ ಮಾಡಿದರು, ತೆಂಗು, ಅಡಿಕೆ, ಬಾಳೆ ಹಾಕಿದರು, ಭತ್ತದ ಕೊಯ್ಲು ಮುಗಿದ ಮೇಲೆ ತರಕಾರಿ ಬೆಳೆದರು. ಶ್ರೀ ವಿಜಯಪುರದ ಮಾರುಕಟ್ಟೆಗೆ ಇಂದಿಗೂ ಇಲ್ಲಿಂದ ಬೋಟಿನಲ್ಲಿ ತರಕಾರಿ ಹೋಗುತ್ತದೆ. ಊರುಗಳಿಗೂ ತೀರಗಳಿಗೂ ಅವರು ಇಟ್ಟ ಹೆಸರುಗಳು ರಾಮಾಯಣದವು: ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ಜೆಟ್ಟಿಯಿಂದ ಇಳಿದು ಒಳಗೆ ನಡೆದರೆ ಎರಡೂ ಕಡೆ ಅಡಿಕೆ ತೋಟ, ನಡುವೆ ಕೆಸುವಿನ ಎಲೆ, ಬೇಲಿಯಲ್ಲಿ ದಾಸವಾಳ. ಶಿರಸಿ, ಪುತ್ತೂರು ಕಡೆಯವರಿಗೆ ಸಮುದ್ರ ಎಲ್ಲಿ ಹೋಯಿತು ಅನ್ನಿಸಬೇಕು, ಹಾಗಿದೆ.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣ, ದ್ವೀಪದ ಕೋಣೆ ಬಾಡಿಗೆಯ ಗುಟ್ಟು ಇಲ್ಲೇ ಇದೆ. ಇಲ್ಲಿನ ಚಿಕ್ಕ ರೆಸಾರ್ಟುಗಳಲ್ಲಿ ಬಹಳಷ್ಟು ಸ್ವಂತ ತೋಟದ ಒಂದು ಮೂಲೆಯಲ್ಲಿ ನಾಲ್ಕು, ಆರು, ಹತ್ತು ಕಾಟೇಜು ಕಟ್ಟಿಕೊಂಡ ರೈತ ಕುಟುಂಬಗಳದ್ದು. ಜಾಗ ಅವರದೇ. ಅಡುಗೆಮನೆಯಲ್ಲಿ ಮನೆಯವರೇ ಇರುತ್ತಾರೆ, ತರಕಾರಿ ಹಿತ್ತಿಲಿನದು, ಮೀನು ಬೆಳಿಗ್ಗೆ ಬಂದ ದೋಣಿಯದು. ಈಜುಕೊಳವಿಲ್ಲ, ಸ್ಪಾ ಇಲ್ಲ, ಸಂಜೆ ಡಿಜೆ ಇಲ್ಲ. ಹೀಗೆ ಇಲ್ಲದಿರುವುದಕ್ಕೆಲ್ಲ ನೀವು ದುಡ್ಡು ಕೊಡಬೇಕಿಲ್ಲ. ಸಮುದ್ರಕ್ಕೆ ಮುಖ ಮಾಡಿದ ದೊಡ್ಡ ರೆಸಾರ್ಟುಗಳೂ ದ್ವೀಪದಲ್ಲಿವೆ. ಅವುಗಳ ಬಾಡಿಗೆ ಬೇರೆ ಲೆಕ್ಕ. ಆದರೆ ದ್ವೀಪವೇ ಪುಟ್ಟದು: ಜೆಟ್ಟಿಯಿಂದ ಲಕ್ಷ್ಮಣಪುರಕ್ಕೆ ಸುಮಾರು ಎರಡು ಕಿಲೋಮೀಟರ್, ಇನ್ನೊಂದು ತುದಿಯ ಸೀತಾಪುರಕ್ಕೆ ಸುಮಾರು ಐದು. ತೋಟದೊಳಗಿನ ಕೋಣೆಯಿಂದ ತೀರಕ್ಕೆ ಹತ್ತು ಹದಿನೈದು ನಿಮಿಷದ ನಡಿಗೆ, ಇಲ್ಲವೇ ಬಾಡಿಗೆ ಸೈಕಲ್ಲು, ಸ್ಕೂಟರು. ಕಿಟಕಿಯಿಂದ ಸಮುದ್ರ ಕಾಣಬೇಕೆಂಬ ಒಂದು ಆಸೆಯನ್ನು ಬಿಟ್ಟರೆ ಅರ್ಧಕ್ಕರ್ಧ ಹಣ ಉಳಿಯುತ್ತದೆ, ಅದರಲ್ಲಿ ಇನ್ನೊಂದು ರಾತ್ರಿ ಉಳಿಯಬಹುದು. ಸರಕಾರದ ಅತಿಥಿಗೃಹ ಹವಾಬಿಲ್ ನೆಸ್ಟ್ ಕೂಡ ಇಲ್ಲಿದೆ. ಕೋಣೆ ಸಿಕ್ಕಿದರೆ ಕುಟುಂಬಕ್ಕೆ ಅದೂ ಸರಿ.

ಇನ್ನು ನೀರಿನ ಮಾತು. ಈ ದ್ವೀಪದಲ್ಲಿ ರಜೆ ಚೆನ್ನಾಗಾಗುವುದೂ ಕೆಡುವುದೂ ಇದರ ಮೇಲೆ ನಿಂತಿದೆ. ಕೋಣೆ ಕಾಯ್ದಿರಿಸುವ ಮುಂಚೆ ಇದನ್ನು ಯಾರೂ ಹೇಳುವುದಿಲ್ಲ.

ದ್ವೀಪದ ಸುತ್ತ ದಂಡೆಗೆ ಅಂಟಿಕೊಂಡಂತೆ ಹವಳದ ದಿಬ್ಬವಿದೆ. ತೆರೆದ ಸಮುದ್ರದಿಂದ ಬರುವ ಅಲೆ ದಿಬ್ಬದ ಹೊರ ಅಂಚಿಗೆ ಬಡಿದು ಅಲ್ಲೇ ಒಡೆಯುತ್ತದೆ. ಒಳಗೆ, ದಿಬ್ಬಕ್ಕೂ ಮರಳಿಗೂ ನಡುವೆ, ಕೆರೆಯಂತೆ ಶಾಂತವಾದ ಆಳವಿಲ್ಲದ ನೀರು. ಭರತಪುರದ ತೀರದಲ್ಲಿ ಚಿಕ್ಕ ಮಕ್ಕಳು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಾಲಬುಡದಲ್ಲಿ ಮೀನು ನೋಡಬಲ್ಲದ್ದು ಈ ದಿಬ್ಬದ ಕೃಪೆಯಿಂದ. ಆದರೆ ನೀರು ಆಳವಿಲ್ಲದ ಮೇಲೆ ಇಳಿತ ಬಂದಾಗ ಉಳಿಯುವುದು ಏನು? ಬಂಡೆ, ಸತ್ತ ಹವಳದ ಚೂರು, ನಡುನಡುವೆ ಸಣ್ಣ ಮಡು. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಸುಮಾರು ಎರಡು ಮೀಟರ್ ವ್ಯತ್ಯಾಸ. ಚಪ್ಪಟೆ ದಂಡೆಯಲ್ಲಿ ಎರಡು ಮೀಟರ್ ನೀರು ಇಳಿಯಿತೆಂದರೆ ಸಮುದ್ರ ನೂರಾರು ಹೆಜ್ಜೆ ಹಿಂದೆ ಸರಿದಂತೆ. ಅರ್ಧ ದಿನಕ್ಕೆ ಬಂದವರು ಇಳಿತದ ಹೊತ್ತಿಗೆ ಸಿಕ್ಕಿಬಿದ್ದರೆ, ಈಜುವುದಕ್ಕೆ ನೀರಿಲ್ಲದ ತೀರ ನೋಡಿ, ಇಷ್ಟೇನಾ ಎಂದುಕೊಂಡು ವಾಪಸಾಗುತ್ತಾರೆ. ಉಬ್ಬರದ ಹೊತ್ತಿಗೆ ಬಂದವರಿಗೆ ಈಜು ಸಿಗುತ್ತದೆ, ಆದರೆ ಲಕ್ಷ್ಮಣಪುರದ ಕಲ್ಲಿನ ಸೇತುವೆಗೆ ಹೋಗುವ ದಾರಿ ಮುಳುಗಿರುತ್ತದೆ. ಎರಡೂ ಬೇಕೆಂದರೆ ದ್ವೀಪದಲ್ಲಿ ಇರಬೇಕು, ಬೇರೆ ಉಪಾಯವಿಲ್ಲ.

ಲೆಕ್ಕ ಕಷ್ಟದ್ದಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು. ಚಂದ್ರ ದಿನವೂ ಸುಮಾರು 50 ನಿಮಿಷ ತಡವಾಗಿ ಬರುವುದರಿಂದ ಉಬ್ಬರವೂ ದಿನಕ್ಕೆ ಅಷ್ಟೇ ತಡವಾಗುತ್ತದೆ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಇಳಿತವಿದ್ದರೆ ಮೂರು ದಿನದ ನಂತರ ಹನ್ನೊಂದೂವರೆಗೆ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡಿಕೊಂಡು ಉಬ್ಬರ ಏರುತ್ತದೆ, ಇಳಿತ ಆಳಕ್ಕೆ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಎರಡೂ ಸೆಳೆತ ಅಡ್ಡಡ್ಡವಾಗಿ ನಿಂತು ವ್ಯತ್ಯಾಸ ತಗ್ಗುತ್ತದೆ. ಹಾಗಾಗಿ ನಮ್ಮ ಮನೆಗಳ ಗೋಡೆಯ ಮೇಲಿನ ತಿಥಿ ಇರುವ ಕ್ಯಾಲೆಂಡರು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಒಂದು ಊರಿನಲ್ಲಿ ಒಂದು ತಿಥಿಗೆ ಉಬ್ಬರದ ಹೊತ್ತು ವರ್ಷವಿಡೀ ಹೆಚ್ಚೂಕಡಿಮೆ ಒಂದೇ. ನಮ್ಮ ಕರಾವಳಿಯ ಮೀನುಗಾರರು ತಲೆಮಾರುಗಳಿಂದ ಇದೇ ಲೆಕ್ಕದಲ್ಲಿ ದೋಣಿ ಇಳಿಸಿದ್ದಾರೆ. ನಿಖರವಾದ ಸಮಯ ಬೇಕೆಂದರೆ ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕವಿದೆ, ಪೋರ್ಟ್ ಬ್ಲೇರ್‌ನ ಸಮಯ ಅದರಲ್ಲಿರುತ್ತದೆ. ಫೋನಿನಲ್ಲೂ ಸಿಗುತ್ತದೆ. ವಿಮಾನದ ಟಿಕೆಟ್ಟು ತೆಗೆಯುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಕುಟುಂಬಕ್ಕೆ ಹೇಳಿಮಾಡಿಸಿದ ದಿನವೆಂದರೆ ಬೆಳಿಗ್ಗೆ ಎಂಟು ಎಂಟೂವರೆಗೆ ಉಬ್ಬರ ತುಂಬುವ ದಿನ. ಏಳು ಗಂಟೆಗೇ ಭರತಪುರಕ್ಕೆ ಇಳಿದರೆ ನೀರು ತಿಳಿಯಾಗಿ, ತುಂಬಿಕೊಂಡು, ಬಿಸಿಲು ಏರದೆ ಇರುತ್ತದೆ. ಜೆಟ್ ಸ್ಕೀ, ಬನಾನಾ ಬೋಟುಗಳ ಸದ್ದು ಶುರುವಾಗುವುದು ಜನ ಬಂದಿಳಿದ ಮೇಲೆ. ಅಷ್ಟರಲ್ಲಿ ನೀವು ಈಜಿ, ಕೋಣೆಗೆ ಬಂದು, ತಿಂಡಿ ತಿಂದು ಮಲಗಬಹುದು. ಅದೇ ದಿನ ಮಧ್ಯಾಹ್ನ ಎರಡೂವರೆ ಮೂರರ ಹೊತ್ತಿಗೆ ಇಳಿತ. ಆಗ ಲಕ್ಷ್ಮಣಪುರದ ಎರಡನೇ ತೀರಕ್ಕೆ ಹೋದರೆ ಕಲ್ಲಿನ ಸೇತುವೆಯ ತನಕ ಒಣ ದಾರಿ. ಜನ ಅದಕ್ಕೆ ಹೌರಾ ಬ್ರಿಡ್ಜ್ ಎನ್ನುತ್ತಾರೆ, ಬಂಗಾಳಿಗಳ ಊರಲ್ಲವೇ. ಸಾವಿರಾರು ವರ್ಷ ಹಿಂದಿನ ಹವಳ ಕಲ್ಲಾಗಿ, ಮೇಲೆದ್ದು, ಅಲೆ ಕೆಳಭಾಗವನ್ನು ಕೊರೆದು ಕೊರೆದು ಕಮಾನು ಉಳಿದಿದೆ. ನನಗೆ ಆ ಕಮಾನಿಗಿಂತ ಹೆಚ್ಚು ಹಿಡಿಸುವುದು ಅಲ್ಲಿಗೆ ಹೋಗುವ ದಾರಿ. ಇಳಿತ ಬಿಟ್ಟುಹೋದ ಮಡುಗಳಲ್ಲಿ ಸಮುದ್ರ ಸೌತೆ ಸೋಮಾರಿಯಾಗಿ ಬಿದ್ದಿರುತ್ತದೆ, ಬಾಯಿ ತೆರೆದ ಚಿಪ್ಪಿನ ಅಂಚಿನಲ್ಲಿ ನೀಲಿ ಹಸಿರು ಬಣ್ಣ ಹೊಳೆಯುತ್ತದೆ, ಬೆರಳುದ್ದದ ಮೀನು ನೆರಳು ಬಿದ್ದೊಡನೆ ಕಲ್ಲಿನಡಿಗೆ ಸೇರುತ್ತದೆ. ಎಂಟು ವರ್ಷದ ಮಗುವನ್ನು ಇಲ್ಲಿ ಬಿಟ್ಟರೆ ಎರಡು ಗಂಟೆ ಹೊತ್ತು ಅದು ಫೋನು ಕೇಳುವುದಿಲ್ಲ. ತಿಳಿದ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಕಣ್ಣಿಗೆ ಬೀಳದ್ದನ್ನೆಲ್ಲ ತೋರಿಸುತ್ತಾರೆ. ಅವರ ಸಂಬಳದಲ್ಲಿ ಚೌಕಾಸಿ ಮಾಡಬೇಡಿ.

ಕಾಲಿಗೆ ಹಿಂದೆ ಪಟ್ಟಿ ಇರುವ ಗಟ್ಟಿ ಚಪ್ಪಲಿ ಬೇಕೇ ಬೇಕು. ಹವಳ ಕೊರೆದ ಗಾಯ ಬೇಗ ಮಾಯುವುದಿಲ್ಲ. ಜೀವಂತ ಹವಳದ ಮೇಲೆ ಕಾಲಿಡದಂತೆ ನಡೆಯುವುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ. ಆ ಗುಡ್ಡೆಯಂಥದ್ದು ಕಲ್ಲಲ್ಲ, ಲಕ್ಷಾಂತರ ಪುಟ್ಟ ಜೀವಿಗಳ ಮನೆ, ವರ್ಷಕ್ಕೆ ಕೆಲವೇ ಸೆಂಟಿಮೀಟರು ಬೆಳೆಯುವಂಥದ್ದು. 2010ರ ಬೇಸಿಗೆಯಲ್ಲಿ ಸಮುದ್ರದ ನೀರು ಅತಿಯಾಗಿ ಕಾದು ಅಂಡಮಾನಿನ ಹವಳಗಳು ಬಿಳುಚಿಕೊಂಡವು. 2016ರಲ್ಲೂ ಹಾಗೇ ಆಯಿತು. ಹವಳದ ಒಳಗೆ ವಾಸಿಸುವ, ಅದಕ್ಕೆ ಬಣ್ಣವನ್ನೂ ಅನ್ನವನ್ನೂ ಕೊಡುವ ಪಾಚಿ ಬಿಸಿ ತಾಳದೆ ಹೊರಬೀಳುತ್ತದೆ. ಬಿಸಿ ಬೇಗ ಇಳಿದರೆ ಹವಳ ಚೇತರಿಸಿಕೊಳ್ಳುತ್ತದೆ, ಇಳಿಯದಿದ್ದರೆ ಸಾಯುತ್ತದೆ. ಗಾಜಿನ ತಳದ ದೋಣಿಯಿಂದ ನೋಡುವಾಗ ಬೂದು ಬಣ್ಣದ ಚೂರುಗಳ ರಾಶಿ ಕಂಡರೆ ಅದು ಆ ಬೇಸಿಗೆಗಳ ಗುರುತೂ ಆಗಿರಬಹುದು. ಬದುಕಿ ಉಳಿದಿರುವುದರ ಬೆಲೆ ಅದನ್ನು ನೋಡಿದವರಿಗೆ ಗೊತ್ತು. ಹವಳವನ್ನು ಎತ್ತಿಕೊಂಡು ಬರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಕೆಲವು ಬಗೆಯ ಚಿಪ್ಪುಗಳಿಗೂ ಅದೇ ರಕ್ಷಣೆ ಇದೆ. ಖಾಲಿ ಚಿಪ್ಪು ತಂದರೇನು ಎಂದು ಕೇಳುವವರಿದ್ದಾರೆ. ಆ ಖಾಲಿ ಚಿಪ್ಪೇ ಸನ್ಯಾಸಿ ಏಡಿಯ ಮುಂದಿನ ಮನೆ. ಸಂಜೆ ಕೇದಗೆಯ ಪೊದೆಯ ಕೆಳಗೆ ಕೂತು ನೋಡಿ, ಚಿಪ್ಪು ಹೊತ್ತ ಏಡಿಗಳ ಓಡಾಟ ಕಾಣುತ್ತದೆ.

ಲಕ್ಷ್ಮಣಪುರದ ಮೊದಲ ತೀರ ಪಶ್ಚಿಮಕ್ಕಿದೆ, ಉದ್ದನೆಯ ಬಿಳಿ ಮರಳು, ಸೂರ್ಯಾಸ್ತ ಅಲ್ಲಿ. ಸೀತಾಪುರ ಪೂರ್ವದ ತುದಿ, ಸೂರ್ಯೋದಯ ಅಲ್ಲಿ. ಸೀತಾಪುರಕ್ಕೆ ತೆರೆದ ಸಮುದ್ರದ ಅಲೆ ನೇರವಾಗಿ ಬರುವುದರಿಂದ ನೋಡುವುದಕ್ಕೆ ಬಹಳ ಚೆಂದ, ಮಕ್ಕಳನ್ನು ನೀರಿಗಿಳಿಸುವುದಕ್ಕೆ ಬೇಡ. ಅಂಡಮಾನಿನ ಕೊಲ್ಲಿ, ಕಾಂಡ್ಲಾ ಕಾಡುಗಳಲ್ಲಿ ಉಪ್ಪುನೀರಿನ ಮೊಸಳೆ ಇದೆ ಎಂಬುದನ್ನೂ ಮರೆಯುವಂತಿಲ್ಲ. ಯಾವುದೇ ತೀರದಲ್ಲಿ ನೀರಿಗಿಳಿಯುವ ಮುಂಚೆ ಎಚ್ಚರಿಕೆಯ ಫಲಕ ಓದಿ, ಊರವರನ್ನು ಕೇಳಿ, ಕತ್ತಲಾದ ಮೇಲೆ ನೀರಿಗಿಳಿಯಬೇಡಿ. ತೀರದ ಮರಳಿನಲ್ಲಿ ಸಂಜೆ ಹೊತ್ತು ಕಣ್ಣಿಗೆ ಕಾಣದ ಮರಳುನೊಣ ಕಚ್ಚುತ್ತದೆ. ಕಾಲಿಗೆ ತೆಂಗಿನೆಣ್ಣೆ ಸವರಿಕೊಳ್ಳಿ ಎಂದು ಊರವರು ಹೇಳುತ್ತಾರೆ, ನನಗೆ ಅದರಿಂದ ಉಪಕಾರವಾಗಿದೆ.

ಇಲ್ಲಿನ ಹೊತ್ತು ನಮ್ಮ ಹೊತ್ತಲ್ಲ. ಗಡಿಯಾರ ಭಾರತದ್ದೇ, ಆದರೆ ದ್ವೀಪ 93 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಬೆಂಗಳೂರಿಗಿಂತ ಸೂರ್ಯ ಸುಮಾರು ಒಂದು ಗಂಟೆ ಮುಂದಿದ್ದಾನೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಐದೂವರೆಗೆಲ್ಲ ಬೆಳಕು, ಸಂಜೆ ಐದು ದಾಟಿತೆಂದರೆ ಸೂರ್ಯ ಮುಳುಗಿ ಆರಕ್ಕೆ ಪೂರ್ತಿ ಕತ್ತಲು. ಬೆಳಿಗ್ಗೆ ಎಂಟಕ್ಕೆ ಏಳುವ ಅಭ್ಯಾಸದವರು ಈ ದ್ವೀಪದ ಅತ್ಯಂತ ಒಳ್ಳೆಯ ಮೂರು ಗಂಟೆಯನ್ನು ಹಾಸಿಗೆಯಲ್ಲಿ ಕಳೆಯುತ್ತಾರೆ. ಅಜ್ಜ ಅಜ್ಜಿಯರಿಗೆ ಈ ವೇಳಾಪಟ್ಟಿ ಹೇಳಿಮಾಡಿಸಿದ ಹಾಗೆ ಹೊಂದುತ್ತದೆ. ಅವರು ಐದಕ್ಕೇ ಎದ್ದು ತೀರದಲ್ಲಿ ಒಂದು ಸುತ್ತು ನಡೆದು ಬಂದಿರುತ್ತಾರೆ. ಸಂಜೆ ಏಳಕ್ಕೆ ಊಟ, ಎಂಟಕ್ಕೆ ಊರು ನಿಶ್ಶಬ್ದ. ರಾತ್ರಿ ಏನು ಮಾಡುವುದು ಎಂದು ಹದಿಹರೆಯದವರು ಮೊದಲ ದಿನ ಗೊಣಗುತ್ತಾರೆ. ನಾನು ನೋಡಿದ ಒಂದು ಮನೆಯವರು ಅಂಗಳದಲ್ಲಿ ಚಾಪೆ ಹಾಸಿ, ಅಜ್ಜಿ ಮೃಗಶಿರ, ಕೃತ್ತಿಕೆ ತೋರಿಸುವುದನ್ನು ಮೊಮ್ಮಕ್ಕಳು ಕೇಳುತ್ತ ಕೂತಿದ್ದರು. “ಅಜ್ಜಿ, ನಮ್ಮೂರಲ್ಲಿ ಇದೆಲ್ಲ ಯಾಕೆ ಕಾಣೋದಿಲ್ಲ?” ಎಂದು ಚಿಕ್ಕವಳು ಕೇಳಿದಳು. “ಕಾಣ್ತದೆ ಮಗಾ, ದೀಪ ಆರಿಸಬೇಕು ಅಷ್ಟೇ” ಎಂದರು ಅಜ್ಜಿ.

ಊಟದಲ್ಲಿ ಮೀನು ಅನ್ನವೇ ಪ್ರಧಾನ, ಸಾಸಿವೆಯೆಣ್ಣೆಯ ಅಡುಗೆ. ಸಸ್ಯಾಹಾರಿಗಳು ಹಿಂದಿನ ದಿನವೇ ಹೇಳಿದರೆ ಬದನೆ, ಕುಂಬಳ, ಬೆಂಡೆ, ಬಾಳೆಹೂವು, ಬೇಳೆ ಎಲ್ಲ ಸಿಗುತ್ತದೆ. ತರಕಾರಿ ಬೆಳೆಯುವ ಊರಾದ್ದರಿಂದ ರುಚಿಯೂ ತಾಜಾ. ಮಾತು ಹಿಂದಿಯಲ್ಲಿ ಸಾಗುತ್ತದೆ, ಮನೆಯಾಕೆಯನ್ನು ದೀದಿ ಎಂದೋ ಮಾಸಿ ಎಂದೋ ಕರೆದರೆ ಸಾಕು, ಎರಡನೇ ದಿನಕ್ಕೆ ನಿಮ್ಮ ಮಕ್ಕಳಿಗೆ ಏನು ಇಷ್ಟ ಎಂಬುದು ಅಡುಗೆಮನೆಗೆ ಗೊತ್ತಾಗಿರುತ್ತದೆ.

ಸಿಹಿನೀರಿನ ವಿಚಾರದಲ್ಲಿ ಮಾತ್ರ ಬಹಳ ಜಾಗರೂಕತೆ ಬೇಕು. ಅಂಡಮಾನಿನಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುತ್ತದೆ, ಆದರೆ ಇಷ್ಟು ಚಿಕ್ಕ ದ್ವೀಪದಲ್ಲಿ ಅದನ್ನು ಹಿಡಿದಿಡುವ ದೊಡ್ಡ ನದಿಯಿಲ್ಲ. ಬಾವಿ, ಕೆರೆ, ಟ್ಯಾಂಕಿಗಳೇ ಗತಿ. ಫೆಬ್ರವರಿಯಿಂದ ಏಪ್ರಿಲಿನ ತನಕ ಮಳೆ ಕಡಿಮೆ, ಪ್ರವಾಸಿಗರು ಮಾತ್ರ ಆಗಲೂ ಬರುತ್ತಾರೆ. ಒಬ್ಬ ರೈತನ ಬದನೆ ಗಿಡಕ್ಕೂ ನಿಮ್ಮ ಶವರಿಗೂ ನೀರು ಒಂದೇ ಬಾವಿಯಿಂದ ಬರುತ್ತಿರಬಹುದು. ಬಕೆಟ್ ಸ್ನಾನ ಮಾಡಿ, ಟವಲನ್ನು ದಿನಾ ಒಗೆಯಲು ಹಾಕಬೇಡಿ. ಪ್ಲಾಸ್ಟಿಕ್ ಬಾಟಲಿ, ಬಿಸ್ಕೆಟ್ ಪೊಟ್ಟಣಗಳನ್ನು ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ. ಇಲ್ಲಿ ಬಿಟ್ಟ ಕಸಕ್ಕೆ ಹೋಗಲು ಬೇರೆ ಜಾಗವಿಲ್ಲ, ಒಂದೋ ತೋಟ, ಇಲ್ಲದಿದ್ದರೆ ಸಮುದ್ರ.

ಬೆಂಗಳೂರಿನಿಂದ ಶ್ರೀ ವಿಜಯಪುರಕ್ಕೆ ನೇರ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ಭಾರತೀಯರಿಗೆ ಈ ದ್ವೀಪಕ್ಕೆ ಪ್ರತ್ಯೇಕ ಅನುಮತಿ ಬೇಕಿಲ್ಲ. ಅಲ್ಲಿಂದ ಶಹೀದ್ ದ್ವೀಪಕ್ಕೆ ಖಾಸಗಿ ಕಂಪನಿಗಳ ವೇಗದ ಬೋಟಿನಲ್ಲಿ ಒಂದು, ಒಂದೂವರೆ ಗಂಟೆ. ಸರಕಾರಿ ಬೋಟು ನಿಧಾನ, ಎರಡು ಗಂಟೆಗೂ ಮೀರುತ್ತದೆ, ಟಿಕೆಟ್ಟು ಮಾತ್ರ ಬಹಳ ಅಗ್ಗ. ಖಾಸಗಿ ಬೋಟಿನಲ್ಲಿ ಸಾಮಾನ್ಯವಾಗಿ ಎಸಿಯೊಳಗೆ ಕೂರಿಸಿ ಬಾಗಿಲು ಮುಚ್ಚುತ್ತಾರೆ. ಸರಕಾರಿ ಬೋಟಿನಲ್ಲಿ ಮೇಲೆ ಹೋಗಿ ಗಾಳಿಗೆ ನಿಲ್ಲಬಹುದು, ಹಾರುವ ಮೀನು ನೋಡಬಹುದು. ವಾಂತಿಯಾಗುವ ಮಕ್ಕಳಿಗೂ ಮುಚ್ಚಿದ ಕೋಣೆಗಿಂತ ಅದೇ ವಾಸಿ. ಸರಕಾರಿ ಟಿಕೆಟ್ಟು ಸಿಗುವುದು ಸುಲಭವಲ್ಲ, ದ್ವೀಪದವರಿಗೆ ಅದು ಆಸ್ಪತ್ರೆಗೆ, ಕಾಲೇಜಿಗೆ, ಮಾರುಕಟ್ಟೆಗೆ ಹೋಗುವ ಬಸ್ಸು. ಅವರ ಸೀಟು ಅವರಿಗೆ ಸಿಗಲಿ ಎಂದು ನಾವು ಬಿಟ್ಟುಕೊಡಬೇಕಾದ ಸಂದರ್ಭವೂ ಬರುತ್ತದೆ, ಬಿಟ್ಟುಕೊಡಿ.

ಸಮುದ್ರ ಶಾಂತವಾಗಿರುವುದು ಡಿಸೆಂಬರ್ ಕೊನೆಯಿಂದ ಏಪ್ರಿಲಿನ ತನಕ. ಕ್ರಿಸ್‌ಮಸ್, ಹೊಸವರ್ಷದ ಎರಡು ವಾರ ಬಾಡಿಗೆ ಏರುತ್ತದೆ, ಜನವೂ ತುಂಬುತ್ತಾರೆ. ಜನವರಿ ಕೊನೆ, ಫೆಬ್ರವರಿ ಅತ್ಯುತ್ತಮ, ಆದರೆ ಶಾಲೆಗೆ ರಜೆ ಇರುವುದಿಲ್ಲ. ಮಕ್ಕಳ ಪರೀಕ್ಷೆ ಮುಗಿದ ಏಪ್ರಿಲ್ ಮೊದಲ ವಾರಗಳು ಬಿಸಿಲಾದರೂ ನೀರು ತಿಳಿಯಾಗಿರುತ್ತದೆ, ಕೋಣೆಯ ದರವೂ ಮೆತ್ತಗಾಗಿರುತ್ತದೆ. ಮೇ ಮಧ್ಯದಿಂದ ನೈಋತ್ಯ ಮಾರುತದ ಮಳೆ ಹಿಡಿದರೆ ಬೋಟು ರದ್ದಾಗುವುದು ಮಾಮೂಲು. ಅಕ್ಟೋಬರ್, ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಭಯ. ಯಾವ ತಿಂಗಳಿಗೆ ಹೋದರೂ ದ್ವೀಪದಿಂದ ಹೊರಟ ದಿನವೇ ವಿಮಾನ ಹತ್ತುವ ಯೋಜನೆ ಬೇಡ. ಶ್ರೀ ವಿಜಯಪುರದಲ್ಲಿ ಕೊನೆಯ ಒಂದು ರಾತ್ರಿ ಇಟ್ಟುಕೊಳ್ಳಿ. ಬೋಟು ಸಮಯಕ್ಕೆ ಬಂದರೆ ಆ ಮಧ್ಯಾಹ್ನ ಸೆಲ್ಯುಲರ್ ಜೈಲಿಗೆ ಸಲ್ಲಲಿ. ಕೆಲವು ದಿನ ಅದು ಮುಚ್ಚಿರುತ್ತದೆ, ಹಾಗಾಗಿ ಮೊದಲೇ ವಿಚಾರಿಸಿ ಹಿಂದಿರುಗುವ ದಿನವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಂಡು ಟಿಕೆಟ್ಟು ತೆಗೆಯಿರಿ.